ಕಡ್ಡಾಯ ಅಂದಮೇಲೆ ಮಾಸ್ಕೂ ಕೊಡಿ

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ಕ್ಲಾಸ್ ಮತ್ತೆ ಶುರುವಾದಾಗ ಮಾಸ್ಕ್ ಕಡ್ಡಾಯವಾಗಿತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದವರಾದ ನಾವು ಆಗ ಹೈಸ್ಕೂಲು, ಹೇಗೋ ಹೊಂದಿಕೊಂಡೆವು. ನಮ್ಮ ತಮ್ಮ ತಂಗಿಯರು ಮಾತ್ರ ಒಂದೇ ಬಟ್ಟೆ ಮಾಸ್ಕನ್ನು ವಾರವೆಲ್ಲ ಹಾಕ್ತಿದ್ದರು. ಟೀಚರ್ ತುಟಿ ಕಾಣದೆ ಹೇಳಿದ್ದು 'ಮ'ನೋ 'ನ'ನೋ ಗೊತ್ತಾಗ್ತಿರಲಿಲ್ಲ.

ಮಾಸ್ಕೇ ಬೇಡ ಅಂತ ನಾವು ಹೇಳ್ತಿಲ್ಲ. ಮನೆಯಲ್ಲಿ ಅಜ್ಜಿ ತಾತ ಇದ್ದರು, ಭಯ ನಿಜವೇ. ಆದರೆ ಎಲ್ಲ ವಯಸ್ಸಿಗೂ ಒಂದೇ ರೂಲ್ಸ್ ಯಾಕೆ? ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2020ರಲ್ಲೇ ಹೇಳಿದ್ದವು: ಐದು ವರ್ಷದವರೆಗೆ ಕಡ್ಡಾಯ ಬೇಡ, ಆರರಿಂದ ಹನ್ನೊಂದಕ್ಕೆ ಪರಿಸ್ಥಿತಿ ನೋಡಿ, ಹನ್ನೆರಡರಿಂದ ದೊಡ್ಡವರ ಹಾಗೆ. ನಮಗೆ ಇದೇ ಸರಿ ಅನ್ಸುತ್ತೆ. ಇನ್ನೊಂದು ಮಾತು: ಪುಸ್ತಕ, ಯೂನಿಫಾರ್ಮ್ ಕೊಡೋ ಸರ್ಕಾರ ಮುಂದಿನ ಸಲ ಕಡ್ಡಾಯ ಮಾಡಿದರೆ, ತೊಳೆದು ಹಾಕೋಕೆ ಎರಡು ಮಾಸ್ಕನ್ನೂ ಕೊಡಲಿ.