ಸಂಬಳವಿಲ್ಲದ ಕಾವಲು

ಅಮೆರಿಕದಲ್ಲಿ ಮಗನಿಗೋ ಮಗಳಿಗೋ ಪ್ರಾಧ್ಯಾಪಕ ಹುದ್ದೆ ದೊರೆತಾಗ ಸಂಬಳ, ವೀಸಾ, ಊರಿನ ಚಳಿ ಎಲ್ಲವನ್ನೂ ವಿಚಾರಿಸುತ್ತೇವೆ. ಅನಿಸಿದ್ದನ್ನು ನುಡಿದರೆ ಕೆಲಸ ಉಳಿದೀತೇ ಎಂದು ಮಾತ್ರ ಕೇಳುವುದಿಲ್ಲ.

1900ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ರಾಸ್ ಅವರ ಭಾಷಣಗಳು ಜೇನ್ ಸ್ಟ್ಯಾನ್‌ಫರ್ಡ್ ಅವರಿಗೆ ಹಿಡಿಸದೆ ರಾಸ್ ಹುದ್ದೆ ಬಿಡಬೇಕಾಯಿತು. ಏಷ್ಯಾದ ವಲಸಿಗರನ್ನು ತಡೆಯಬೇಕೆಂದವರು ಈ ರಾಸ್, ನಮಗೆ ಪ್ರಿಯರಾಗತಕ್ಕವರಲ್ಲ! ಆದರೂ ಅವರ ಪರವಾಗಿ ತರುಣ ಅಧ್ಯಾಪಕ ಆರ್ಥರ್ ಲವ್‌ಜಾಯ್ ರಾಜೀನಾಮೆಯಿತ್ತರು. 1915ರಲ್ಲಿ ಜಾನ್ ಡ್ಯೂಯಿ ಮೊದಲಾದವರೊಡನೆ ‘ಅಮೆರಿಕನ್ ಅಸೋಸಿಯೇಷನ್ ಆಫ್ ಯೂನಿವರ್ಸಿಟಿ ಪ್ರೊಫೆಸರ್ಸ್’ ಕಟ್ಟಿದರು. ಅದೇ ವರ್ಷ ಯೂಟಾದಲ್ಲಿ ಅಧ್ಯಾಪಕರನ್ನು ಕೈಬಿಟ್ಟರೆಂದು ತಿಳಿದು, ತಾವೇ ಅಲ್ಲಿಗೆ ಹೋಗಿ ವಿಚಾರಣೆ ನಡೆಸಿದರು.

ಇಂದಿಗೂ ಅಂಥ ವಿಚಾರಣೆಗೆ ಹೊರಡುವವರು ಬೇರೆ ಕಾಲೇಜುಗಳ ಪ್ರಾಧ್ಯಾಪಕರು, ಸಂಭಾವನೆಯಿಲ್ಲದ ಸೇವೆ. ದಂಡಿಸುವ ಅಧಿಕಾರ ಸಂಘಕ್ಕಿಲ್ಲ, ತಪ್ಪಿದ ಆಡಳಿತವನ್ನು ಖಂಡನಾಪಟ್ಟಿಗೆ ಸೇರಿಸಬಲ್ಲದು, ಅಷ್ಟೆ. ವೀಸಾದ ಮೇಲಿರುವವರು ಮೌನವಾಗಿದ್ದರೆ ಆಕ್ಷೇಪಿಸಲಾರೆ. ಆದರೆ ಕಾಯಂ ಹುದ್ದೆಯೂ ಪೌರತ್ವವೂ ದೊರೆತ ನಮ್ಮವರು ಈ ಕೆಲಸಕ್ಕೆ ಹೆಗಲು ಕೊಡಬೇಕು.

ಹೊಸದಾಗಿ ಹೊರಡುವವರು ಸಹಿ ಹಾಕುವ ಮುನ್ನ ಆ ಪಟ್ಟಿಯನ್ನೊಮ್ಮೆ ನೋಡುವುದು ಲೇಸು. ಖಾಸಗಿ ವಿಶ್ವವಿದ್ಯಾಲಯವಾದರೆ ಅಧ್ಯಾಪಕರ ಕೈಪಿಡಿಯನ್ನೂ ಓದಬೇಕು. ವಾಕ್ ಸ್ವಾತಂತ್ರ್ಯ ಕುರಿತ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರವನ್ನು ಕಟ್ಟಿಹಾಕುತ್ತದೆಯೇ ಹೊರತು ಖಾಸಗಿ ಆಡಳಿತವನ್ನಲ್ಲ.