ಗೆರೆ ವಾಪಸು ಬಂತು, ಪಾಠ?

ಚೀನಾದಲ್ಲಿ ಒಂದೇ ಪಕ್ಷ, ಒಂದೇ ಹುಕುಂ. ಹಾಗಾಗಿ ಅಲ್ಲಿನ ಪ್ರಾಂತ್ಯಗಳೆಲ್ಲ ಒಂದೇ ಅಚ್ಚಿನವು ಅಂತ ನಾವು ತಿಳಿದಿರ್ತೇವೆ. ಹಾಗಿಲ್ಲ ಸ್ವಾಮಿ. ಬೀಜಿಂಗ್, ಶಾಂಘೈನಂಥ ನಾಲ್ಕು ನಗರಗಳು ಪ್ರಾಂತ್ಯದ ಸಮಕ್ಕೆ ನಿಂತು ನೇರ ಕೇಂದ್ರದ ಕೈಕೆಳಗಿವೆ. ಬೇರೆ ಜನಾಂಗದವರು ಹಿಂದಿನಿಂದ ಇದ್ದ ಸೀಮೆಗಳಿಗೆ ‘ಸ್ವಾಯತ್ತ ಪ್ರದೇಶ’ ಎಂಬ ಹೆಸರು, ಅಂಥವು ಐದು. ಅವುಗಳಲ್ಲಿ ಮೊದಲು ಆದದ್ದು ಒಳ ಮಂಗೋಲಿಯ, 1947ರಲ್ಲಿ.

ಅಲ್ಲಿ ತಾಲೂಕಿನಂಥ ವಿಭಾಗಕ್ಕೆ ‘ಬಾವುಟ’ ಎಂಬ ಅರ್ಥದ ಹೆಸರು ಐತೆ. ಅಂಥ ಬಾವುಟಗಳು ಕೆಲವು ಸೇರಿದರೆ ಒಂದು ‘ಕೂಟ’, ಅದು ಜಿಲ್ಲೆ. ಮಂಚು ದೊರೆಗಳ ಕಾಲದಿಂದ ಬಂದ ಏರ್ಪಾಟು. ತಹಶೀಲ್ದಾರರ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ನನಗೆ, ತಾಲೂಕನ್ನು ಬಾವುಟ ಅಂತ ಕರೆಯೋ ಜನ ಇದ್ದಾರಲ್ಲ ಅಂತ ಖುಷಿಯಾಯಿತು.

1969ರಲ್ಲಿ, ಸೋವಿಯತ್ ದೇಶದೊಂದಿಗೆ ಗಡಿ ಕಾದಾಟ ನಡೆದ ವರ್ಷ, ಬೀಜಿಂಗಿನವರು ಈ ಪ್ರದೇಶವನ್ನು ಹರಿದರು. ಪೂರ್ವದ ಭಾಗಗಳು ಹೈಲಾಂಗ್‌ಜಿಯಾಂಗ್, ಜಿಲಿನ್, ಲಿಯಾವೋನಿಂಗ್ ಪ್ರಾಂತ್ಯಗಳಿಗೆ; ಪಶ್ಚಿಮದವು ಗಾನ್ಸು, ನಿಂಗ್‌ಶಿಯಾಗೆ. ಹತ್ತು ವರ್ಷ ಕಳೆದು 1979ರಲ್ಲಿ ಎಲ್ಲವನ್ನೂ ವಾಪಸು ಕೊಟ್ಟರು. ನಮ್ಮ ಮಡಕಶಿರಾವೂ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಬೋರ್ಡು ಬದಲಾಯಿತು, ಹೊಲದ ಬದು ಕದಲಲಿಲ್ಲ. ಗೆರೆ ಎಳೆಯೋದು, ಅಳಿಸೋದು ಸರ್ಕಾರಗಳಿಗೆ ಸಲೀಸು.

ಕಷ್ಟ ಇರೋದು ಶಾಲೆಯಲ್ಲಿ. 2020ರಲ್ಲಿ ಅಲ್ಲಿನ ಮಂಗೋಲಿ ಮಾಧ್ಯಮದ ಶಾಲೆಗಳಿಗೆ ಆಜ್ಞೆ ಬಂತು: ಭಾಷೆ-ಸಾಹಿತ್ಯ, ರಾಜಕೀಯ, ಇತಿಹಾಸ, ಈ ಮೂರಕ್ಕೂ ಹಂತಹಂತವಾಗಿ ಚೀನಿ ಭಾಷೆಯ ರಾಷ್ಟ್ರೀಯ ಪುಸ್ತಕವೇ. ತಾಯ್ತಂದೆಯರು ಮಕ್ಕಳನ್ನು ಶಾಲೆಗೆ ಕಳಿಸದೆ ಬೀದಿಗಿಳಿದರು. ಮಂಗೋಲಿ ಪಾಠ ನಿಲ್ಲೋದಿಲ್ಲ ಅಂತ ಸರ್ಕಾರ ಆಗ ಸಮಾಧಾನ ಹೇಳಿತು. ಆಜ್ಞೆ ಮಾತ್ರ ಹಿಂದಕ್ಕೆ ಹೋಗಲಿಲ್ಲ.

ಚೀನಿ ಬಾರದ ಹುಡುಗನಿಗೆ ದೊಡ್ಡ ಊರಲ್ಲಿ ಕೆಲಸ ಸಿಗದು ಎಂಬ ವಾದ ಸುಳ್ಳಲ್ಲ. ತೆಲುಗು ಬಂದಿದ್ದರಿಂದ ನನಗೆ ಶೇಂಗಾ ಮಂಡಿಯಲ್ಲೂ ಲಾಭ, ಪದ್ಯದಲ್ಲೂ ಲಾಭ. ಆದರೆ ನಾನು ತೆಲುಗನ್ನು ಕನ್ನಡದ ಪಕ್ಕಕ್ಕೆ ಕೂರಿಸಿಕೊಂಡೆ, ಕನ್ನಡವನ್ನು ಎಬ್ಬಿಸಿ ಕಳಿಸಲಿಲ್ಲ. ಚೀನಿಯನ್ನು ಒಂದು ಭಾಷೆಯಾಗಿ ಕಲಿಸೋದು ಬೇರೆ, ತನ್ನ ಹಿರಿಯರ ಚರಿತ್ರೆಯನ್ನು ಮಗು ಚೀನಿಯಲ್ಲೇ ಓದಬೇಕು ಅನ್ನೋದು ಬೇರೆ.

ಕಾಗದದ ಮೇಲೆ ಅವರಿಗೆ ಕೊರತೆಯಿಲ್ಲ. ಪ್ರತಿ ಜನಾಂಗಕ್ಕೂ ತನ್ನ ನುಡಿ, ಲಿಪಿ ಬಳಸುವ ಸ್ವಾತಂತ್ರ್ಯ ಉಂಟೆಂದು 1982ರ ಸಂವಿಧಾನದ 4ನೇ ವಿಧಿ ಹೇಳ್ತದೆ. ಸ್ವಾಯತ್ತ ಪ್ರದೇಶದ ಅಧ್ಯಕ್ಷ ಆ ಜನಾಂಗದವನೇ ಆಗಿರಬೇಕೆಂದು 114ನೇ ವಿಧಿ. ನಿಜವಾದ ಹಿಡಿತವಿರುವ ಪಕ್ಷದ ಕಾರ್ಯದರ್ಶಿಗೆ ಈ ನಿಯಮವಿಲ್ಲ. ಆರು ಜನರಲ್ಲಿ ಒಬ್ಬ ಮಾತ್ರ ಮಂಗೋಲನಾಗಿ ಉಳಿದಿರುವ ಆ ಸೀಮೆಯಲ್ಲಿ ಅಧ್ಯಕ್ಷನ ಕುರ್ಚಿ ತೋರಿಸಿ ಇತಿಹಾಸದ ಪುಸ್ತಕ ಕಿತ್ತುಕೊಂಡರೆ ಯಾರು ಕೇಳ್ತಾರೆ? ಅವರ ಯುವಾನ್ ನೋಟಿನ ಹಿಂಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಬರೆಯುವ ಮಂಗೋಲಿ ಲಿಪಿ ಈಗಲೂ ಐತೆ. ಅದನ್ನು ಓದಬಲ್ಲ ಮಕ್ಕಳು ಬೇಕಾದರೆ ಆ ಮೂರು ಪುಸ್ತಕಗಳನ್ನು ಮಂಗೋಲಿಯಲ್ಲಿ ಮತ್ತೆ ಅಚ್ಚು ಹಾಕಿಸಲಿ.