ನೇರ ದಾರಿ, ನಿಧಾನ ನೋಟ

ಅಮೆರಿಕದ ದಕ್ಷಿಣದ ನಗರವೊಂದರಲ್ಲಿ ಉದ್ಯೋಗದಲ್ಲಿರುವ ವಾಚಕಿಯೊಬ್ಬರ ಪತ್ರ ಈ ವಾರ ನಮ್ಮ ಮುಂದಿದೆ. ಅವರಿಗೆ ಐದು ದಿನಗಳ ರಜೆ ದೊರೆತಿದೆ. ಮೆಕ್ಸಿಕೋ ದೇಶದ ಪೂರ್ವತೀರದ ತುಲುಮ್ ಎಂಬ ಊರಿಗೆ ಒಬ್ಬರೇ ಹೋಗಿಬರಬೇಕೆಂಬ ಹಂಬಲ. ಅಲ್ಲಿ ಕಡಲಿದೆ, ಕಡಲ ಅಂಚಿನಲ್ಲಿಯೇ ಮಾಯಾ ಜನರ ಪ್ರಾಚೀನ ಪಟ್ಟಣದ ಅವಶೇಷಗಳಿವೆ, ಈಗ ನೇರ ವಿಮಾನವೂ ಆಗಿದೆ. ಒಂದು ಮುಂಜಾನೆ ಹಾಳು ಪಟ್ಟಣವನ್ನು ನೋಡಿ ಮುಗಿಸಿ, ಉಳಿದ ದಿನಗಳನ್ನು ಮರಳಿನ ಮೇಲೆ ಕಳೆಯುವುದು ಅವರ ಯೋಜನೆ. ಮಗಳು ಒಂಟಿಯಾಗಿ ಹೋಗುವುದು ಊರಿನಲ್ಲಿರುವ ತಾಯಿಗೆ ಒಪ್ಪಿಗೆಯಿಲ್ಲ. ನಮ್ಮ ಅಭಿಪ್ರಾಯವೇನೆಂದು ಕೇಳಿದ್ದಾರೆ.

ಹೋಗಿಬನ್ನಿ ಎಂದೇ ನಮ್ಮ ಉತ್ತರ. ಆದರೆ ಯೋಜನೆಯನ್ನು ಕುರಿತು ಒಂದೆರಡು ಮಾತು ಹೇಳಬೇಕಾಗಿದೆ. ಆ ಮಾತು ಅವರೊಬ್ಬರಿಗೆ ಮಾತ್ರವೇ ಸಲ್ಲುವಂಥದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ತುಲುಮಿನ ವಿಮಾನ ನಿಲ್ದಾಣ ತೆರೆದದ್ದು 2023ರ ಡಿಸೆಂಬರ್ 1ರಂದು. 2024ರ ಮಾರ್ಚ್ ಕೊನೆಯಲ್ಲಿ ಅಟ್ಲಾಂಟ, ಡಲ್ಲಾಸ್, ಹ್ಯೂಸ್ಟನ್ ಮೊದಲಾದ ನಗರಗಳಿಂದ ಅಲ್ಲಿಗೆ ನೇರ ವಿಮಾನಗಳು ಬರತೊಡಗಿದವು. ಅದಕ್ಕೆ ಮುಂಚೆ ಕಾನ್‌ಕುನ್‌ನಲ್ಲಿ ಇಳಿದು, ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಬಸ್ಸಿನಲ್ಲಿಯೋ ಕಾರಿನಲ್ಲಿಯೋ ಸವೆಸಬೇಕಾಗಿತ್ತು. ಈ ಅನುಕೂಲವನ್ನು ನಾವು ಹಳಿಯುವುದಿಲ್ಲ. ಐದೇ ದಿನ ರಜೆಯುಳ್ಳವರಿಗೆ ಉಳಿದ ಅರ್ಧ ದಿನವೂ ದೊಡ್ಡದು. ಆದರೆ ಹಿಂದೆ ದಾರಿಯೇ ಪ್ರಯಾಣಿಕನಿಗೆ ಎಷ್ಟೋ ಪಾಠ ಹೇಳುತ್ತಿತ್ತು. ನಮ್ಮ ಗೋಕಾಕರು ಹಡಗಿನಲ್ಲಿ ಇಂಗ್ಲೆಂಡಿಗೆ ಹೋದದ್ದರಿಂದ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ದೊರೆತವು. ಆ ಪಾಠವನ್ನು ಇಂದಿನ ದಾರಿ ಹೇಳುವುದಿಲ್ಲ. ದಾರಿಯಲ್ಲಿ ಉಳಿದ ಹೊತ್ತನ್ನು ಊರಿಗೆ ಕೊಡದಿದ್ದರೆ ಪ್ರಯಾಣವಾಯಿತೆನ್ನಬಹುದೇ ಹೊರತು ದರ್ಶನವಾಯಿತೆನ್ನಲಾಗದು.

ನೋಡಬೇಕಾದದ್ದಾದರೂ ಏನು? ತುಲುಮ್ ಎಂದರೆ ಮಾಯಾ ನುಡಿಯಲ್ಲಿ ಗೋಡೆ. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಬಂಡೆಯ ಕೆಳಗೆ ಕೆರಿಬಿಯನ್ ಕಡಲು. ಒಳಹೋಗಲು ಐದು ಕಿರಿದಾದ ಬಾಗಿಲುಗಳು. ಸುಮಾರು 13ರಿಂದ 15ನೆಯ ಶತಮಾನದವರೆಗೆ ಇದು ದೋಣಿಗಳಲ್ಲಿ ಸರಕು ಬಂದಿಳಿಯುತ್ತಿದ್ದ ಸಮೃದ್ಧ ಬಂದರು. 1518ರಲ್ಲಿ ಹುವಾನ್ ದೆ ಗ್ರಿಹಾಲ್ವನ ಹಡಗುಗಳು ಈ ತೀರವನ್ನು ಹಿಡಿದು ಸಾಗಿದಾಗ, ಸೆವಿಲ್ ನಗರಕ್ಕೆ ಕಡಿಮೆಯಿಲ್ಲದ ಪಟ್ಟಣವೊಂದು ಕಂಡಿತೆಂದು ಜೊತೆಯಲ್ಲಿದ್ದ ಪಾದ್ರಿ ಬರೆದಿಟ್ಟ. ಅದು ತುಲುಮೇ ಇರಬೇಕೆಂದು ಅನೇಕರ ಊಹೆ. ಆ ವರ್ಷ ನಮ್ಮ ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದನೆಂಬುದನ್ನು ನೆನೆದರೆ, ಅಷ್ಟು ದೂರದ ಆ ಗೋಡೆ ನಮಗೆ ಅಪರಿಚಿತವೆನಿಸದು. ಎರಡು ಪಟ್ಟಣಗಳೂ ಅದೇ ಶತಮಾನದಲ್ಲಿಯೇ ಬರಿದಾದವು.

ಬರಿದಾದವು ಎಂದೆವು, ಆದರೆ ಸತ್ತವು ಎನ್ನಲಾಗದು. 1842ರಲ್ಲಿ ಜಾನ್ ಲಾಯ್ಡ್ ಸ್ಟೀಫನ್ಸ್ ಎಂಬ ಅಮೆರಿಕನ್ ಪ್ರವಾಸಿ ಚಿತ್ರಕಾರ ಕ್ಯಾದರ್‌ವುಡ್ಡನೊಡನೆ ಇಲ್ಲಿಗೆ ಬಂದಾಗ ಕಟ್ಟಡಗಳನ್ನು ಕಾಡು ಮುಸುಕಿತ್ತು. ಅದಾದ ಐದು ವರ್ಷಕ್ಕೆ, 1847ರಲ್ಲಿ, ಯುಕಾತಾನಿನ ಮಾಯಾ ಜನ ಒಡೆಯರ ವಿರುದ್ಧ ದಂಗೆಯೆದ್ದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಆ ಹೋರಾಟದಲ್ಲಿ ಇದೇ ತುಲುಮ್ ಅವರ ಪೂಜಾಸ್ಥಾನಗಳಲ್ಲೊಂದಾಯಿತು. 1871ರ ಸುಮಾರಿಗೆ ಮರೀಯಾ ಉಯಿಕಾಬ್ ಎಂಬ ಮಾಯಾ ಹೆಣ್ಣುಮಗಳು ಇಲ್ಲಿ ಧರ್ಮಾಧಿಕಾರಿಣಿಯಾಗಿದ್ದಳು. ಹಂಪೆಯ ವಿರೂಪಾಕ್ಷನಿಗೆ ಇಂದಿಗೂ ದೀಪ ಬೆಳಗುವುದನ್ನು ಕಂಡ ಕನ್ನಡಿಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅದೇ ವಿರೂಪಾಕ್ಷನ ಮುಂದಿನ ಬಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದ ಮನೆಮಂದಿಯನ್ನು 2011ರಲ್ಲಿ ಎಬ್ಬಿಸಿದ್ದನ್ನೂ ನಾವು ಕಂಡಿದ್ದೇವೆ. ಹಾಳು ಉಳಿಯಬೇಕು, ನಿಜ. ಬಾಳು ಅಳಿಯದಂತೆ ಅದನ್ನು ಉಳಿಸುವುದು ಹೇಗೆಂಬ ಪ್ರಶ್ನೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ನಮ್ಮ ವಾಚಕಿ ಇಳಿಯಲಿರುವ ನಿಲ್ದಾಣದ ಹೆಸರೇ ಈ ಪ್ರಶ್ನೆಯನ್ನು ನೆನಪಿಸುತ್ತದೆ. ಅದು ಫೆಲಿಪೆ ಕರೀಯೊ ಪ್ವೆರ್ತೊನ ಹೆಸರು. 1922ರಲ್ಲಿ ಯುಕಾತಾನಿನ ಗವರ್ನರನಾದ ಈತ ತನ್ನ ಅಧಿಕಾರಗ್ರಹಣದ ಭಾಷಣವನ್ನು ಸ್ಪಾನಿಷಿನಲ್ಲಿ ಮಾಡದೆ ಮಾಯಾ ನುಡಿಯಲ್ಲಿ ಮಾಡಿದ. ಭೂಮಿಯಿಲ್ಲದವರಿಗೆ ಭೂಮಿ ಹಂಚಿದ. ಚಿಚೆನ್ ಇತ್ಸಾ ಅವಶೇಷಗಳಿಗೆ ರಸ್ತೆ ಮಾಡಿಸಿದ. 1924ರ ಜನವರಿ 3ರಂದು ವಿರೋಧಿಗಳು ಆತನನ್ನು ಗುಂಡಿಟ್ಟು ಕೊಂದರು. 2020ರ ಜನಗಣತಿಯಂತೆ ಮೆಕ್ಸಿಕೋದಲ್ಲಿ ಆ ಮಾಯಾ ನುಡಿಯನ್ನಾಡುವವರು ಏಳು ಲಕ್ಷಕ್ಕೂ ಹೆಚ್ಚು. ಆದರೆ ತುಲುಮಿನ ತೀರದ ಹೋಟೆಲುಗಳಲ್ಲಿ ಅತಿಥಿಗಳ ಕಿವಿಗೆ ಬೀಳುವುದು ಹೆಚ್ಚಾಗಿ ಇಂಗ್ಲಿಷೇ. ಗೋಡೆ ಕಟ್ಟಿದವರ ಮೊಮ್ಮಕ್ಕಳು ಹಾಸಿಗೆ ಹಾಸುತ್ತಲೋ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೋ ಇರುತ್ತಾರೆ. ಅವರ ಪೂರ್ವಿಕರ ಗುಡಿಯನ್ನು ನೋಡಲು ಬಂದವರು ಅವರನ್ನು ನೋಡದೆಯೇ ಹಿಂದಿರುಗುತ್ತಾರೆ. ಒಂದು ಮುಂಜಾನೆಯಲ್ಲಿ ಮುಗಿಸುವ ನೋಟಕ್ಕೆ ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ಆ ನೆಲದ ನೀರನ್ನು ಕುರಿತೂ ತಿಳಿದಿರಬೇಕು. ಯುಕಾತಾನಿನ ಉತ್ತರ ಭಾಗ ಸುಣ್ಣಕಲ್ಲಿನ ನೆಲ. ಮೇಲೆ ಹರಿಯುವ ನದಿಗಳಿಲ್ಲ. ಮಳೆಯ ನೀರೆಲ್ಲ ಕೆಳಗಿಳಿದು ಗುಹೆಗಳಲ್ಲಿ ಹರಿದು ಕಡಲು ಸೇರುತ್ತದೆ. ಗುಹೆಯ ಮಾಡು ಕುಸಿದ ಕಡೆ ಆ ನೀರು ಬಾವಿಯಂತೆ ತೆರೆದುಕೊಳ್ಳುತ್ತದೆ, ಅದೇ ಸೆನೋಟೆ. ತುಲುಮಿನ ಬಳಿಯ ಎರಡು ಜಲಗುಹೆಗಳು ಒಂದೇ ಎಂದು 2018ರಲ್ಲಿ ಮುಳುಗುಗಾರರು ಕಂಡುಕೊಂಡಾಗ ಅದರ ಉದ್ದ ಸುಮಾರು 347 ಕಿಲೋಮೀಟರಾಯಿತು. ಒಂದೆಡೆ ಇಳಿದ ಕೊಳೆ ಎಲ್ಲಿಯವರೆಗೆ ಹೋದೀತೆಂಬುದನ್ನು ಇದರಿಂದಲೇ ಊಹಿಸಬಹುದು. ಹೊಸ ರೈಲುಮಾರ್ಗದ ಕಂಬಗಳನ್ನು ಇಂಥ ಗುಹೆಗಳ ಮೂಲಕವೇ ನೆಟ್ಟಾಗ ಅಲ್ಲಿನವರು ಪ್ರತಿಭಟಿಸಿದ್ದು ಸುಮ್ಮನೆ ಅಲ್ಲ. ಸೆನೋಟೆಗೆ ಇಳಿಯುವ ಮುನ್ನ ಮೈಗೆ ಬಳಿದ ಲೇಪವನ್ನು ತೊಳೆದುಕೊಳ್ಳುವುದು ಸಣ್ಣ ಕೆಲಸವಾದರೂ ಅತಿಥಿಯಾದವಳ ಧರ್ಮ.

ಇನ್ನು ಯೋಜನೆ. ನವೆಂಬರಿನಿಂದ ಏಪ್ರಿಲಿನವರೆಗೆ ಮಳೆ ಕಡಿಮೆ. ಚಳಿಗಾಲದಲ್ಲಿ ಕಂದು ಕಡಲಪಾಚಿಯ ಕಾಟವೂ ಸಾಮಾನ್ಯವಾಗಿ ಕಡಿಮೆ. ಅವಶೇಷಗಳಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಬಿಸಿಲೇರಿದಂತೆ ಜನವೂ ಏರುತ್ತದೆ. ಒಂದು ಇಡೀ ದಿನವನ್ನು ಒಳನಾಡಿನ ಕೋಬಾಕ್ಕೆ ಮೀಸಲಿಡಬೇಕು. ಅಲ್ಲಿಂದ ಯಾಶುನಾ ಎಂಬ ಊರಿನವರೆಗೆ, ಸುಮಾರು ನೂರು ಕಿಲೋಮೀಟರು, ಪ್ರಾಚೀನ ಮಾಯಾ ಜನ ಕಲ್ಲು ತುಂಬಿ ಸುಣ್ಣ ಬಳಿದು ಎತ್ತರಿಸಿದ ದಾರಿ ಮಾಡಿದ್ದರು. ಬಂಡಿಯಿಲ್ಲ, ಎತ್ತು ಕುದುರೆಗಳಿಲ್ಲ. ಕಾಡಿನ ನಡುವೆ ಕಾಲ್ನಡೆಗಾಗಿ ಮಾಡಿದ ನೇರ ದಾರಿಯದು. ಅದರ ಮೇಲೆ ನಾಲ್ಕು ಹೆಜ್ಜೆ ನಡೆದು ಬಂದವರಿಗೆ ನೇರ ವಿಮಾನದ ಅರ್ಥವೂ ಹೆಚ್ಚು ತಿಳಿದೀತು.

ತಂಗಲು ಕಡಲತೀರದ ಹೋಟೆಲಿಗಿಂತ ಊರೊಳಗಿನ ಮನೆಯೇ ಲೇಸು. ಖರ್ಚೂ ಕಡಿಮೆ, ನೆರೆಯವರ ಮುಖವೂ ಕಾಣುತ್ತದೆ. ನಿಲ್ದಾಣ ಊರಿನಿಂದ ದೂರವಾದ್ದರಿಂದ ಬಂಡಿಯ ಏರ್ಪಾಡು ಮೊದಲೇ ಆಗಲಿ. ಕತ್ತಲಾದ ಮೇಲೆ ನಿರ್ಜನ ತೀರದಲ್ಲಿ ತಿರುಗುವುದು ಬೇಡ. ತಂಗುವ ವಿಳಾಸ ತಾಯಿಯವರ ಬಳಿ ಇರಲಿ. ದಿನಕ್ಕೊಮ್ಮೆ ಅವರಿಗೆ ಮಾತು ತಲುಪಲಿ. ತಾಯಿಯ ಆತಂಕವನ್ನು ಅಂಜಿಕೆಯೆಂದು ನಗುವುದು ಸಲ್ಲ. ಅದಕ್ಕೆ ಎಚ್ಚರಿಕೆಯೇ ತಕ್ಕ ಉತ್ತರ.

ಒಂಟಿಯಾಗಿ ಹೋಗುವುದರಲ್ಲಿ ಒಂದು ಲಾಭವೂ ಉಂಟು. ಗುಂಪಿನಲ್ಲಿ ಹೋದವರು ತಮ್ಮ ಊರನ್ನು ಜೊತೆಯಲ್ಲಿಯೇ ಕೊಂಡೊಯ್ದು, ತಮ್ಮ ತಮ್ಮಲ್ಲಿಯೇ ಮಾತಾಡಿಕೊಂಡು ಹಿಂದಿರುಗುತ್ತಾರೆ. ಒಬ್ಬರೇ ಹೋದವರು ಬೇರೆಯವರೊಡನೆ ಮಾತಾಡಲೇಬೇಕು. ಮಾಯಾ ಜನ ಕೃತಜ್ಞತೆ ಹೇಳುವಾಗ ‘ದಿಯೋಸ್ ಬೋಓತಿಕ್’ ಎನ್ನುತ್ತಾರೆ. ದೇವರು ನಿಮ್ಮ ಋಣ ತೀರಿಸಲಿ ಎಂದು ಅದರ ಭಾವ. ದೇವರೆಂಬ ಮಾತು ಗೆದ್ದವರದು, ಋಣವೆಂಬ ಮಾತು ಅವರದು. ವಾಚಕಿ ಈ ಒಂದು ನುಡಿಯನ್ನು ಕಲಿತು ಹೊರಡಲಿ. ಊಟ ಬಡಿಸಿದವರಿಗೆ, ದಾರಿ ತೋರಿದವರಿಗೆ ಹೇಳಲಿ. ಹಿಂದಿರುಗಿದ ಮೇಲೆ ನಮಗೆ ಇನ್ನೊಂದು ಪತ್ರ ಬರೆಯಲಿ. ಗುಡಿಗೋಪುರಗಳ ವರ್ಣನೆ ಸ್ಟೀಫನ್ಸನ ಪುಸ್ತಕದಲ್ಲಿಯೇ ಇದೆ. ಅಲ್ಲಿ ಯಾರನ್ನು ಕಂಡರು, ಅವರು ಏನೆಂದರು ಎಂಬುದನ್ನು ತಿಳಿಯಲು ನಾವು ಕಾದಿರುತ್ತೇವೆ.